ತಟ್ಟೆ ಬರಿದಾಗುವವರೆಗೆ

ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ಅಂಗೈಗೆ ಬಂದಾಗ ಅಂಜನಮೂರ್ತಿಗೆ ಅದು ಈಗಷ್ಟೇ ಸತ್ತ ಸಣ್ಣ ಪ್ರಾಣಿಯ ಹಾಗೆ ಅನ್ನಿಸಿತು. ಮೃದು, ತಂಪು, ಸ್ವಲ್ಪ ಭಾರ. ರಸೆಲ್ ಮಾರುಕಟ್ಟೆಯ ಹೊರಗೋಡೆಗೆ ಒರಗಿ ಕೂತಿದ್ದ ಉಮ್ಮೆ ಕುಲ್ಸುಂ ಅವನು ಕೊಟ್ಟ ಚಿಲ್ಲರೆಯನ್ನು ನೋಡದೆಯೇ ಗೋಣಿಯ ಕೆಳಗೆ ತಳ್ಳಿ, ಕೆಂಪು ಬಾಯಿ ತೆರೆದು ನಕ್ಕಳು.

"ಕ್ಯಾ ಮೇಷ್ಟ್ರೆ, ಇಷ್ಟ್ ವರ್ಷದಿಂದ ನನ್ ಹತ್ರ ಎಲೆ ತಗೋತೀರ. ಒಂದು ದಿನಾನೂ ನಿಮ್ ಬಾಯಿ ಕೆಂಪಾಗಿದ್ದು ನೋಡಿಲ್ಲ. ಯಾರಿಗೆ ಇದೆಲ್ಲ?"

"ಸಭೆಗೆ."

"ಸಭೆ ಅಂದ್ರೆ ಎಲೆ ತಿನ್ನೋದಾ?"

"ಹೆಚ್ಚು ಕಮ್ಮಿ ಅಷ್ಟೇ."

"ಅಚ್ಛಾ ನೌಕರಿ! ನನ್ನೂ ಸೇರಿಸ್ಕೊಳ್ಳಿ. ನಿಮ್ಗಿಂತ ಚೆನ್ನಾಗಿ ತಿಂತೀನಿ."

ಪಕ್ಕದ ಹೂವಿನವನೂ ನಕ್ಕ. ಅಂಜನಮೂರ್ತಿ ತಾನೂ ನಗಬೇಕೆಂದುಕೊಂಡು, ನಗುವಷ್ಟರಲ್ಲಿ ಅವರಿಬ್ಬರೂ ಬೇರೆ ಗಿರಾಕಿಗಳ ಕಡೆ ತಿರುಗಿಬಿಟ್ಟಿದ್ದರು. ಮುಖದ ಮೇಲೆ ಉಳಿದುಹೋದ ಆ ನಗುವನ್ನು ಏನು ಮಾಡುವುದೆಂದು ತಿಳಿಯದೆ ಮಾಂಸದ ಸಾಲನ್ನು ದಾಟಿ ಹಲಸೂರಿನ ಕಡೆ ನಡೆದ. ಸೈಕಲ್ಲನ್ನು ಮನೆಯಲ್ಲೇ ಬಿಟ್ಟಿದ್ದ. ಜಟಕಾ ಹತ್ತಬಹುದಿತ್ತು. ಹತ್ತಿದರೆ ಬೇಗ ಮುಟ್ಟುತ್ತಿದ್ದ. ಬೇಗ ಮುಟ್ಟುವುದು ಅವನಿಗೆ ಬೇಕಿರಲಿಲ್ಲ.

ಚಿಕ್ಕಮುನಿಯಪ್ಪನವರ ಧರ್ಮನಿಧಿಯ ಐವರು ಧರ್ಮದರ್ಶಿಗಳಲ್ಲಿ ಅವನು ಎಲ್ಲರಿಗಿಂತ ಕಿರಿಯ. ಕಿರಿಯನಾದ್ದರಿಂದ ಸಭೆಗೆ ಎಲೆ ತರುವ ಕೆಲಸ ಅವನದು. ಇದನ್ನು ಯಾರೂ ಅವನಿಗೆ ವಹಿಸಿರಲಿಲ್ಲ. ಮೊದಲನೆಯ ಸಭೆಯ ಹಿಂದಿನ ದಿನ ಅಧ್ಯಕ್ಷ ಮುನಿನಾರಾಯಣಪ್ಪನವರು, "ಹೆಂಗೂ ಆ ಕಡೆಯಿಂದ ಬರ್ತೀಯಲ್ಲ, ಎಳೇ ಎಲೆ ನೋಡಿ ತಗೊಂಬಾ" ಅಂದಿದ್ದರು. ಅವನು ಆ ಕಡೆಯಿಂದ ಬರುವವನಲ್ಲ. ಅವನ ಮನೆ ಹಲಸೂರಿನಲ್ಲೇ, ಅಧ್ಯಕ್ಷರ ವಠಾರದಲ್ಲೇ. ಅದು ಅವರಿಗೂ ಗೊತ್ತಿತ್ತು. ಆದರೆ "ಆ ಕಡೆಯಿಂದ ಬರೋದಿಲ್ಲ" ಅನ್ನುವ ಸಣ್ಣ ಮಾತು ಆ ದಿನ ಬಾಯಿಗೆ ಬರಲಿಲ್ಲ, ಆಮೇಲೆ ಹೇಳುವ ಹಾಗಿರಲಿಲ್ಲ. ಒಂದು ಸಲ ಹೇಳದೆ ಬಿಟ್ಟ ಮಾತು ಹೀಗೆ ಮನುಷ್ಯನನ್ನು ಎಷ್ಟು ದೂರ ನಡೆಸುತ್ತದೆ ಎಂದು ಯೋಚಿಸುತ್ತ ಅವನು ಖಾಲಿ ಲಾಯಗಳ ಉದ್ದನೆ ಗೋಡೆಯ ಪಕ್ಕದಲ್ಲಿ ನಡೆದ. ಯುದ್ಧ ಮುಗಿದಿತ್ತು. ಗೋರಾ ಸೋಲ್ಜರುಗಳು ರೈಲು ರೈಲಾಗಿ ಹೋಗುತ್ತಿದ್ದರು. ಕುದುರೆಗಳಂತೂ ಅದಕ್ಕೂ ಮೊದಲೇ ಹೋಗಿದ್ದವು. ಆ ಕುದುರೆಗಳಿಗೆ ಹುಲ್ಲು ಹಾಕಿಯೇ ಚಿಕ್ಕಮುನಿಯಪ್ಪನವರು ದೊಡ್ಡವರಾದದ್ದು. ಲಿಂಗರಾಜಪುರದ ಹೊಲಗಳಿಂದ ಗಾಡಿ ಗಾಡಿ ಹುಲ್ಲು ತಂದು ದಂಡಿಗೆ, ಬ್ರಿಟಿಷರ ಕಂಟೋನ್ಮೆಂಟಿಗೆ, ಒದಗಿಸಿದ, ಹೆಬ್ಬೆಟ್ಟೊತ್ತುತ್ತಿದ್ದ ಮನುಷ್ಯ, ಸಾಯುವ ಮೊದಲು, ದಂಡಿನಲ್ಲಿ ಹುಟ್ಟಿದ ಯಾವ ಮಗುವಾದರೂ ಸರಿ, ಓದಬೇಕೆಂದರೆ ಓದಲಿ ಎಂದು ಬರೆಸಿಟ್ಟು ಹೋಗಿದ್ದ. ಹಾಗೆ ಓದಿದವರಲ್ಲಿ ಅಂಜನಮೂರ್ತಿಯೂ ಒಬ್ಬ. ಮುನಿನಾರಾಯಣಪ್ಪ ಆ ದೊಡ್ಡವರ ತಮ್ಮನ ಮಗ. ಯಾರಿಗಾದರೂ ಅಂಜನಮೂರ್ತಿಯನ್ನು ಪರಿಚಯ ಮಾಡಿಕೊಡುವಾಗ ಅವನ ಭುಜದ ಮೇಲೆ ಕೈಯಿಟ್ಟು, "ನಮ್ ನಿಧಿಯಿಂದ್ಲೇ ಓದಿದ ಹುಡುಗ, ಈಗ ನೋಡಿ ನಮ್ ಪಕ್ಕದಲ್ಲೇ ಕೂರ್ತಾನೆ" ಅನ್ನುತ್ತಿದ್ದರು. ಆ ಕೈ ಭುಜವನ್ನು ಬಿಟ್ಟ ಮೇಲೂ ಅದರ ತೂಕ ಅಲ್ಲೇ ಇರುತ್ತಿತ್ತು.

ಸಭೆಯಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಅದು ದೊಡ್ಡವರ ಕಾಲದಿಂದ ಬಂದದ್ದು. ಮಾತು ಮುಗಿದ ಮೇಲೆ ಹಿತ್ತಾಳೆಯ ತಟ್ಟೆಯಲ್ಲಿ ಐದು ಪಾಲು ಎಲೆ ಅಡಿಕೆ ಇಟ್ಟು ಒಬ್ಬರಿಂದ ಒಬ್ಬರಿಗೆ ಕೊಡುವುದು. ತೆಗೆದುಕೊಂಡವರು ಒಪ್ಪಿದಂತೆ. ಎಲೆ ಹಿಡಿದ ಮೇಲೆ ಮಾತು ಮುರಿಯುವ ಹಾಗಿಲ್ಲ. ತಟ್ಟೆ ಬರಿದಾಗದೆ ಸಭೆ ಏಳುವ ಹಾಗಿಲ್ಲ. ಅಂಜನಮೂರ್ತಿ ಬಂದ ಮೇಲೆ ತಟ್ಟೆ ಒಂದು ಸುತ್ತಿನಲ್ಲೇ ಬರಿದಾಗದ ದಿನವಿರಲಿಲ್ಲ. ಎಲ್ಲ ಸಭೆಯಲ್ಲೂ ಅವನು ತನ್ನ ಪಾಲನ್ನು ತೆಗೆದು ಜೇಬಿಗೆ ಹಾಕಿಕೊಂಡು, ಮನೆಗೆ ಬಂದು ಹೆಂಡತಿಗೆ ಕೊಡುತ್ತಿದ್ದ. ಗಂಗಲಕ್ಷ್ಮಮ್ಮ ಅದನ್ನು ಹಾಕಿಕೊಂಡು, "ಇವತ್ತೇನು ಒಪ್ಕೊಂಡ್ರಿ?" ಎಂದು ಕೇಳುತ್ತಿದ್ದಳು. ತಮಾಷೆಗೆ ಕೇಳುತ್ತಿದ್ದಳು. ಆದರೂ ಅವನು ಪಂಚೆ ಬದಲಾಯಿಸುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದ. ಐವರಲ್ಲಿ ಒಬ್ಬರಾದ, ದೊಡ್ಡವರ ಮಗಳು ಯಶೋದಮ್ಮ ಮಾತ್ರ ಒಂದು ಸಲ, ಎಲ್ಲರೂ ಮೆಟ್ಟು ಹಾಕಿಕೊಳ್ಳುತ್ತಿದ್ದಾಗ, ಯಾರಿಗೂ ಅಲ್ಲದ ಹಾಗೆ ಹೇಳಿದ್ದರು: "ಅಪ್ಪ ಇದ್ದಾಗ ತಟ್ಟೆ ಎರಡು ಸಲ ಮೂರು ಸಲ ಸುತ್ತೋದು. ಎಲೆ ಬಾಡಿ ಹೋಗೋದು. ಯಾರ್ದಪ್ಪ ಈ ಎಲೆ ಇನ್ನೂ ಕೂತಿದೆ ಅಂತ ಕೇಳಿ, ಮತ್ತೆ ಮಾತು ಶುರು ಮಾಡೋರು." ಆಗ ಅಧ್ಯಕ್ಷರು ನಕ್ಕು, "ಅಕ್ಕಾ, ಆಗ ಜಗಳ ಇತ್ತು. ಈಗ ಒಗ್ಗಟ್ಟಿದೆ" ಅಂದಿದ್ದರು.

ಕೆರೆಯ ಏರಿ ಕಂಡಾಗ ಕಾಲು ತಾನಾಗಿ ನಿಧಾನವಾಯಿತು. ಕಳೆದ ವಾರ ಇದೇ ಏರಿಯ ಮೇಲೆ ಶಾಂತಕುಮಾರಿ ಸಿಕ್ಕಿದ್ದಳು. ಅವನು ಪಾಠ ಹೇಳುವ ಶಾಲೆಯಲ್ಲೇ ಓದಿದವಳು. ಈಗ ಮದರಾಸಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು, ಎರಡು ವರ್ಷ ಮುಗಿದಿತ್ತು, ರಜಕ್ಕೆ ಬಂದಿದ್ದಳು. ಅವಳ ಅಪ್ಪ ದಂಡಿನ ಬೇಕರಿಯಲ್ಲಿ ಹಿಟ್ಟು ನಾದುವವನು. ಅವರದು ಬೌದ್ಧರ ಮನೆ. ಹುಣ್ಣಿಮೆಗೆ ಬಿಳಿ ಬಟ್ಟೆ ಉಟ್ಟು ಸಾಲಾಗಿ ಹೋಗುವವರಲ್ಲಿ ಅವಳನ್ನು ಚಿಕ್ಕಂದಿನಿಂದ ನೋಡಿದ್ದ. ನಿಧಿಯ ನೆರವು ಪ್ರತಿ ವರ್ಷ ಸಭೆಯಲ್ಲಿ ಮತ್ತೆ ಒಪ್ಪಿಗೆಯಾಗಬೇಕು. ಆಗದಿದ್ದರೆ ಅವಳು ವಾಪಸು ಹೋಗುವ ಹಾಗಿಲ್ಲ. "ಈ ಸಲ ಏನೋ ಬೇರೆ ಮಾತು ಕೇಳಿಸ್ತಿದೆ ಸಾರ್" ಅಂದಿದ್ದಳು. ಅವನಿಗೂ ಕೇಳಿಸಿತ್ತು. ಆದರೂ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತು, "ನಾನಿದ್ದೀನಲ್ಲ" ಅಂದಿದ್ದ. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಆ ಕ್ಷಣ ತನ್ನ ದನಿ ತನಗೇ ಹಿತವಾಗಿ ಕೇಳಿಸಿ, ಇನ್ನೊಮ್ಮೆ ಹೇಳಿದ್ದ: "ನಾನಿದ್ದೀನಲ್ಲಮ್ಮ." ಮನೆಗೆ ಬಂದು ಸೈಕಲ್ ಒರಗಿಸುವಾಗಲೇ ಆ ಮಾತು ಬೇರೆಯಾಗಿ ಕೇಳಿಸತೊಡಗಿತ್ತು. ಅವನು ಇರುವುದು ಅಂದರೆ ಏನು? ಅವನು ಎಲ್ಲ ಸಭೆಯಲ್ಲೂ ಇದ್ದ.

ನಿಧಿಯ ಕಚೇರಿ ದೊಡ್ಡವರ ಹಳೇ ಮನೆಯ ಮುಂದಿನ ಕೋಣೆಯಲ್ಲಿತ್ತು. ಜಗಲಿಯ ಕಲ್ಲುಬೆಂಚಿನ ಮೇಲೆ ಶಾಂತಕುಮಾರಿ ಆಗಲೇ ಬಂದು ಕೂತಿದ್ದಳು. ಕೇಳಲು ಬಂದವರು ಅಲ್ಲಿ ಕೂರಬೇಕು, ಒಳಗಿನಿಂದ ಕರೆದರೆ ಹೋಗಬೇಕು. ಆ ಕಲ್ಲು ಬೆಳಗಿನ ಹೊತ್ತು ಎಷ್ಟು ತಣ್ಣಗಿರುತ್ತದೆ, ಮಧ್ಯಾಹ್ನ ತೊಡೆಗೆ ಹೇಗೆ ಸುಡುತ್ತದೆ ಎಂದು ಅವನಿಗೆ ಗೊತ್ತು. ಚಿಕ್ಕವನಾಗಿದ್ದಾಗ ಇಲ್ಲಿಯೇ ಒಳಗಿನ ಕಾಫಿಯ ವಾಸನೆ ಹಿಡಿದು ಅಮ್ಮನ ಸೆರಗಿನ ಪಕ್ಕ ಕೂತ ಅವನು, ಯಾರಾದರೂ ನಕ್ಕರೆ ತನಗೆ ಒಳ್ಳೆಯದಾಯಿತೆಂದು, ಯಾರಾದರೂ ಕೆಮ್ಮಿದರೆ ಕೆಟ್ಟದ್ದಾಯಿತೆಂದು ಲೆಕ್ಕ ಹಾಕುತ್ತಿದ್ದ. ಅಮ್ಮ ಅವನ ಕೂದಲಿಗೆ ಉಗುಳು ಸವರಿ ಕೂರಿಸುತ್ತಿದ್ದಳು. ಶಾಂತಕುಮಾರಿ ಎದ್ದು ನಿಂತು ಕೈ ಮುಗಿದಳು. ಅವನ ಎರಡೂ ಕೈ ಎಲೆಯ ಕಟ್ಟನ್ನು ಹಿಡಿದಿದ್ದವು. ತಲೆಯಾಡಿಸಿ ಒಳಗೆ ಹೋದ.

"ಬಂದ್ನಪ್ಪಾ ನಮ್ ಎಲೆ ಮಂತ್ರಿ!" ಶ್ರೀರಾಮಪ್ಪ ಬೆಂಚಿನಲ್ಲಿ ಜರುಗಿ ಜಾಗ ಮಾಡಿಕೊಟ್ಟ. ಕೆ.ಆರ್. ಪುರದ ಕಡೆ ಇಟ್ಟಿಗೆ ಗೂಡು ಇಟ್ಟುಕೊಂಡಿದ್ದ ದಪ್ಪ ಮನುಷ್ಯ. "ಎಳೇದು ತಂದ್ಯಾ, ಇಲ್ಲ ಹೋದ್ಸಲದ ಹಂಗೆ ಮುತ್ತುಗದೆಲೇನಾ?"

"ಎಳೇದೇ."

ಉಪ್ಪಿಟ್ಟಾಯಿತು, ಕಾಫಿಯಾಯಿತು. ಮುನ್ಸಿಪಾಲಿಟಿಯಲ್ಲಿ ಹೆಡ್ ಗುಮಾಸ್ತರಾಗಿದ್ದು ರಿಟೈರಾದ ವೆಂಕಟಸ್ವಾಮಿಯವರು ಹೋದ ಸಭೆಯ ನಡಾವಳಿಯನ್ನು ಒಂದೇ ಉಸಿರಿನಲ್ಲಿ ಓದಿ, ಅದೇ ಉಸಿರಿನ ಕೊನೆಯಲ್ಲಿ ತೂಕಡಿಸತೊಡಗಿದರು. ಗೋಡೆಯ ಮೇಲೆ ಪೇಟ ಸುತ್ತಿದ ದೊಡ್ಡವರ ಪಟ. ಪಟ ತೆಗೆದವನು ಯಾರೋ ಕಣ್ಣಿಗೆ ಬಣ್ಣ ತಿದ್ದಿದ್ದ. ಅದರಿಂದ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಮುನಿನಾರಾಯಣಪ್ಪನವರು ಒಂದು ದೊಡ್ಡ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರು. ಕಟ್ಟಡದ ನಕ್ಷೆ. ಮುಂದೆ ಕಂಬ, ಮೇಲೆ ಗಡಿಯಾರ, ನಡುವೆ ಕಮಾನು.

"ಚಿಕ್ಕಮುನಿಯಪ್ಪ ಸ್ಮಾರಕ ಭವನ," ಅಂದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ಅಂಜನಮೂರ್ತಿಗೆ ಕಷ್ಟವಾಗುತ್ತಿದ್ದದ್ದು. "ಇಷ್ಟು ವರ್ಷ ಕೊಟ್ವಿ. ಓದಿದ ಹುಡುಗ್ರು ಎಲ್ಲಿದ್ದಾರೆ? ಒಬ್ಬ ಬೊಂಬಾಯಿ, ಒಬ್ಬ ರಂಗೂನು. ದೊಡ್ಡಪ್ಪನ ಹೆಸರು ಯಾರಿಗೆ ನೆನಪಿದೆ? ಧರ್ಮ ಅಂದ್ರೆ ಕಣ್ಣಿಗೆ ಕಾಣ್ಬೇಕು. ಭವನ ಏಳೋವರೆಗೆ ಓದಿಗೆ ಕೊಡೋದನ್ನ ನಿಲ್ಸೋಣ. ಏನಂತೀರ?"

"ಇಟ್ಟಿಗೆ ಚಿಂತೆ ನಂಗೆ ಬಿಡಿ," ಅಂದ ಶ್ರೀರಾಮಪ್ಪ. "ಬೇರೆಯವ್ರಿಗೆ ಕೊಡೋ ಬೆಲೇಲೇ ಕೊಡ್ತೀನಿ. ಲಾಭ ನೋಡಲ್ಲ."

ಬೇರೆಯವರಿಗೆ ಕೊಡುವ ಬೆಲೆಯಲ್ಲಿ ಲಾಭ ಇರುತ್ತದಲ್ಲ ಎಂದು ಅಂಜನಮೂರ್ತಿಯ ಮನಸ್ಸು ತಟ್ಟನೆ ಹೇಳಿತು. ಇಟ್ಟಿಗೆ ಮಾರುವವನೂ ನೀನು, ಕೊಳ್ಳಬೇಕೆಂದು ಎಲೆ ಹಿಡಿಯುವವನೂ ನೀನು. ವಾಕ್ಯ ಪೂರ್ತಿಯಾಗಿ, ಚೆನ್ನಾಗಿ, ತರಗತಿಯಲ್ಲಿ ಹೇಳುವಷ್ಟು ಸ್ಪಷ್ಟವಾಗಿ ಒಳಗೆ ನಿಂತಿತ್ತು. ಬಾಯಿ ತೆರೆದ. ಬಂದದ್ದು ಬೇರೆ.

"ಈಗಾಗ್ಲೇ ಓದ್ತಿರೋರು... ಆ ಶಾಂತಕುಮಾರಿ, ಮದರಾಸಿನಲ್ಲಿ. ಹೊರಗೆ ಬಂದು ಕೂತಿದ್ದಾಳೆ. ನಡುವೆ ನಿಂತರೆ..."

"ಆ ಬೌದ್ಧರ ಹುಡುಗೀನಾ?" ಅಧ್ಯಕ್ಷರು ಕನ್ನಡಕ ಮೇಲೆತ್ತಿ ಅವನನ್ನು ವಾತ್ಸಲ್ಯದಿಂದ ನೋಡಿದರು. "ಒಳ್ಳೇ ಹುಡುಗಿ ಕಣಯ್ಯ. ಬೇಡ ಅಂದೋರ್ಯಾರು? ಅವ್ರ ಸಂಘದೋರೂ ಸ್ವಲ್ಪ ನೋಡ್ಕೊಳ್ಳಲಿ. ಭವನ ಆಗ್ಲಿ, ಮೊದ್ಲು ಅವಳಿಗೇ ಅಲ್ಲಿ ಸನ್ಮಾನ ಮಾಡೋಣ. ಶಾಲು ಹೊದಿಸೋಣ."

"ಅಷ್ಟು ಹೊತ್ತಿಗೆ ಮೊಮ್ಮಕ್ಕಳನ್ನ ಕರ್ಕೊಂಡ್ ಬರ್ತಾಳೆ!" ಅಂದ ಶ್ರೀರಾಮಪ್ಪ. ಎಲ್ಲರೂ ನಕ್ಕರು. ವೆಂಕಟಸ್ವಾಮಿಯವರು ಎಚ್ಚರಾಗಿ, ಯಾತಕ್ಕೆಂದು ತಿಳಿಯದೆ, ನಕ್ಕರು. ಅಂಜನಮೂರ್ತಿಯ ತುಟಿಯೂ ಅಗಲವಾಯಿತು. ಆ ನಗು ಕಿಟಕಿಯಿಂದಾಚೆ ಬೆಂಚಿನವರೆಗೆ ಹೋಗಿರಬೇಕು, ಅಲ್ಲಿ ಕೂತವಳು ಅದನ್ನು ಒಳ್ಳೆಯ ಶಕುನವೆಂದು ಹಿಡಿದಿರಬೇಕು ಎಂದು ಹೊಳೆದಾಗ ಅವನ ಕಿವಿಯ ತುದಿ ಬಿಸಿಯಾಯಿತು. ಇನ್ನು ಹೇಳಲು ಏನೂ ಉಳಿದಿರಲಿಲ್ಲ. ತನ್ನ ಮಾತನ್ನು ಯಾರೂ ತಳ್ಳಿಹಾಕಿರಲಿಲ್ಲ. ಎತ್ತಿಕೊಂಡು ಮುದ್ದಾಡಿ ಕೆಳಗಿಟ್ಟಿದ್ದರು.

ತಟ್ಟೆ ಹೊರಟಿತು. ಅಧ್ಯಕ್ಷರು ತಮ್ಮ ಪಾಲು ತೆಗೆದು ಸುಣ್ಣ ಹಚ್ಚಿ ಮಡಿಚಿದರು. ಶ್ರೀರಾಮಪ್ಪ ಎರಡು ಅಡಿಕೆ ಹೆಚ್ಚಿಗೆ ತೆಗೆದ. ವೆಂಕಟಸ್ವಾಮಿಯವರಿಗೆ ಹಲ್ಲಿಲ್ಲ, ಆದರೂ ತೆಗೆದುಕೊಂಡು ಕುಟ್ಟಾಣಿ ಹುಡುಕಿದರು. ಬಾಗಿಲ ಪಕ್ಕದ ಚಾಪೆಯ ಮೇಲೆ ಕೂತಿದ್ದ ಯಶೋದಮ್ಮ ತೆಗೆದುಕೊಳ್ಳುವ ಮುಂಚೆ ತಟ್ಟೆಯನ್ನು ಒಂದು ಗಳಿಗೆ ಮಡಿಲಲ್ಲಿ ಇಟ್ಟುಕೊಂಡರು. ಅಷ್ಟೇ, ಒಂದು ಗಳಿಗೆ. ಆಮೇಲೆ ತೆಗೆದುಕೊಂಡು ಅದನ್ನು ಅವನ ಮುಂದೆ ಚಾಚಿದರು. ಅವನೇ ತಂದ ಎಲೆ. ಒರೆಸಿ, ನರ ತೆಗೆದು, ಒಂದರ ಮೇಲೊಂದು ಇಟ್ಟ ಎರಡು ಎಲೆ, ಮೇಲೆ ಚೂರು ಅಡಿಕೆ. ಅವನ ಕೈ ಪ್ರತಿ ಸಲದಂತೆ ತೊಡೆಯ ಮೇಲಿಂದ ಎದ್ದಿತು. ಎದ್ದ ಕೈಯನ್ನು ಅವನು ಯಾರದೋ ಕೈಯ ಹಾಗೆ ನೋಡಿದ. ಅದು ತಟ್ಟೆಯ ಅಂಚಿನವರೆಗೆ ಹೋಗಿ, ಅಲ್ಲಿ ನಿಂತು, ಹಿಂದಕ್ಕೆ ಬಂತು.

ಇದನ್ನು ಅವನು ನಿರ್ಧರಿಸಿರಲಿಲ್ಲ. ನಿರ್ಧರಿಸಿದ್ದರೆ ಆ ಕೈ ಖಂಡಿತ ಎಲೆ ತೆಗೆದುಕೊಳ್ಳುತ್ತಿತ್ತು. ಕೋಣೆಯಲ್ಲಿ ಎಲ್ಲ ದವಡೆಗಳೂ ನಿಂತವು. ಹೊರಗೆ ಯಾವುದೋ ಲಾರಿ ಹಾದುಹೋಗಿ ಕಿಟಕಿಯ ಗಾಜು ಗಡಗಡ ಅಂದಿತು. ಈಗ ಹೇಳಬೇಕು. ಹೇಳಲು ಬೇಕಾದ ಮೌನವನ್ನು ಯಾರೋ ಅವನಿಗಾಗಿ ಗುಡಿಸಿ ಸಾರಿಸಿ ಇಟ್ಟ ಹಾಗಿತ್ತು.

"ಯಾಕಯ್ಯಾ?" ಅಂದರು ಅಧ್ಯಕ್ಷರು. ಗದರಿಕೆಯಿರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಮುಖ. "ಹಲ್ಲು ನೋವಾ?"

"ಹೌದು," ಅಂದ ಅಂಜನಮೂರ್ತಿ. "ಹಲ್ಲು ನೋವು."

ಕೋಣೆ ಉಸಿರು ಬಿಟ್ಟಿತು. ಎಲ್ಲರಿಗೂ ಎಷ್ಟು ಸಂತೋಷವಾಯಿತೆಂದರೆ, ಒಬ್ಬರ ಮೇಲೊಬ್ಬರು ಮದ್ದು ಹೇಳಿದರು. ಉಪ್ಪು ನೀರು, ಬೇವಿನ ಕಡ್ಡಿ, ಫ್ರೇಜರ್ ಟೌನಿನಲ್ಲಿ ಹಲ್ಲು ಕೀಳುವ ಒಬ್ಬ ಚೀನಾದವನು. ಶ್ರೀರಾಮಪ್ಪ ತನ್ನ ಬಾಯಿಯನ್ನೇ ತೆರೆದು, ಕಿತ್ತ ಜಾಗ ತೋರಿಸಿದ. ಯಶೋದಮ್ಮ ಎಲೆಚೀಲದಿಂದ ಒಂದು ಲವಂಗ ತೆಗೆದು ಅವನ ಕೈಗೆ ಹಾಕಿದರು. "ಅದುಮಿ ಇಟ್ಕೋ," ಅಂದರು. ಅವರು ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ ಹಾಗಿತ್ತು. ಅವನು ಲವಂಗವನ್ನು ಎಡದವಡೆಗೆ ಸೇರಿಸಿದ. ಅಧ್ಯಕ್ಷರು ತಟ್ಟೆಯನ್ನು ಎತ್ತಿ, ಸುರುಳಿಗೊಳ್ಳುತ್ತಿದ್ದ ನಕ್ಷೆಯ ಮೂಲೆಯ ಮೇಲೆ ತೂಕಕ್ಕಿಟ್ಟರು. "ನಿನ್ ಪಾಲು ಇಲ್ಲೇ ಇರುತ್ತೆ, ಹೋಗ್ವಾಗ ಮನೆಯವ್ರಿಗೆ ತಗೊಂಡ್ಹೋಗು. ಸರಿ, ಎಲ್ಲ ಒಪ್ಪಿದ ಹಂಗಾಯ್ತು." ವೆಂಕಟಸ್ವಾಮಿಯವರು ಬರೆದುಕೊಂಡರು. "ಆ ಹುಡುಗೀಗೆ ನೀನೇ ಒಂದ್ಮಾತು ಹೇಳ್ಬಿಡು. ನಿನ್ ಶಿಷ್ಯೆ ತಾನೆ?"

ಜಗಲಿಯಲ್ಲಿ ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತು. ಶಾಂತಕುಮಾರಿ ನೆರಳಿನ ಅರ್ಧದಲ್ಲಿ ಕೂತಿದ್ದವಳು ಎದ್ದಳು. ಅವಳ ಮುಖ ಬೆಳಗಿತ್ತು.

"ಎಲ್ಲಾರೂ ನಗ್ತಿದ್ರಲ್ಲ ಸಾರ್. ಆಗೋಯ್ತಾ?"

ಅವನು ಲವಂಗವನ್ನು ನಾಲಗೆಯಿಂದ ತಳ್ಳಿದ. ಖಾರ ಇಳಿದು ನಾಲಗೆಯ ಒಂದು ಬದಿ ಮರಗಟ್ಟುತ್ತಿತ್ತು. "ಇಲ್ಲಮ್ಮ. ಭವನ ಕಟ್ತಾರಂತೆ. ಅದು ಮುಗಿಯೋವರೆಗೆ ಯಾರ ಓದಿಗೂ ಇಲ್ಲ."

ಅವಳು ಸೀರೆಯ ಅಂಚಿನಲ್ಲಿ ಅಂಟಿದ್ದ ಒಂದು ಒಣ ಹುಲ್ಲುಕಡ್ಡಿಯನ್ನು ಬಿಡಿಸಿ ತೆಗೆದಳು. "ಪೆಟ್ಟಿಗೆ ಮದರಾಸಲ್ಲೇ ಬಿಟ್ಟು ಬಂದಿದ್ದೆ. ತರಿಸ್ಕೋಬೇಕು," ಅಂದಳು. ಆಮೇಲೆ, "ಅಪ್ಪಂಗೆ ನೀವು ಹೇಳ್ಬೇಡಿ ಸಾರ್. ಅವ್ರು ನಿಮ್ ಹತ್ರ ನಗ್ತಾ ಮಾತಾಡ್ಬಿಡ್ತಾರೆ. ನಾನೇ ಹೇಳ್ತೀನಿ." ಮೆಟ್ಟಿಲು ಇಳಿಯುವವಳು ನಿಂತಳು. "ನೀವು ಏನಂದ್ರಿ ಸಾರ್?"

ಅವನಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಏರಿಯ ಮೇಲೆ ಹೇಳಿದ ಆ ದಿನದಿಂದ ಗೊತ್ತಿತ್ತು. ನಾನು ಒಬ್ಬನೇ ಏನು ಮಾಡಲಿ, ಮುಂದಿನ ಸಭೆಯಲ್ಲಿ ನೋಡೋಣ, ನಿಮ್ಮ ಸಂಘದವರನ್ನು ಕೇಳು, ಹೀಗೆ ಸಾಲಾಗಿ ಉತ್ತರಗಳು ತಯಾರಿದ್ದವು. ದಣಿವೊಂದೇ ಅವುಗಳಿಗೆ ಅಡ್ಡ ಬಂತು. ಸುಳ್ಳು ಹೇಳಲೂ ಸ್ವಲ್ಪ ಚೈತನ್ಯ ಬೇಕು.

"ಹಲ್ಲು ನೋವು ಅಂದೆ."

"ಏನು?"

"ಎಲೆ ತಗೋಳ್ಲಿಲ್ಲ. ಯಾಕೆ ಅಂತ ಕೇಳಿದ್ರು. ಹಲ್ಲು ನೋವು ಅಂದೆ."

ಅವಳಿಗೆ ನಗು ಬಂದುಬಿಟ್ಟಿತು. ಬಂದ ನಗುವನ್ನು ಸೆರಗಿನಿಂದ ಮುಚ್ಚಿದಳು. ಸೆರಗು ಇಳಿದಾಗ ಅಲ್ಲಿ ಬೇರೆ ಮುಖವಿತ್ತು. ಅದು ಅವನ ಶಿಷ್ಯೆಯ ಮುಖವಾಗಿರಲಿಲ್ಲ. ಮದರಾಸಿನ ಯಾವುದೋ ಉದ್ದನೆಯ ವಾರ್ಡಿನಲ್ಲಿ, ಮಂಚದಿಂದ ಮಂಚಕ್ಕೆ ಹೋಗುತ್ತ ಕಲಿತದ್ದು ಇರಬೇಕು.

"ಯಾವ ಹಲ್ಲು ಸಾರ್?"

ಅವನು ಬಲಗೆನ್ನೆಯನ್ನು ಮುಟ್ಟಿಕೊಂಡ.

"ಲವಂಗ ಆ ಕಡೆ ಇಟ್ಕೊಂಡಿದ್ದೀರಲ್ಲ," ಅಂದಳು ಮೆಲ್ಲಗೆ. ಎಡಗೆನ್ನೆಯ ಸಣ್ಣ ಉಬ್ಬನ್ನು ಬೆರಳಿನಲ್ಲಿ ತೋರಿಸಲೂ ಇಲ್ಲ, ನೋಡಿದಳು ಅಷ್ಟೇ. ಕೈ ಮುಗಿದು, ಬಿಸಿಲಿಗೆ ಇಳಿದು, ಗೇಟಿನ ಕಡೆ ಹೋದಳು.

ಅಂಜನಮೂರ್ತಿ ಬೆಂಚಿನ ಮೇಲೆ ಕೂತ. ಬಹಳ ವರ್ಷದ ಮೇಲೆ ಕೂತಿದ್ದ. ಕಲ್ಲು ಅವಳು ಕೂತಿದ್ದ ಕಡೆ ಬೆಚ್ಚಗಿತ್ತು. ಒಳಗಿನಿಂದ ಶ್ರೀರಾಮಪ್ಪನ ದನಿ, ಕಮಾನಿಗೆ ಎಷ್ಟು ಇಟ್ಟಿಗೆ ಹಿಡಿಯುತ್ತದೆಂದು. ಅಮ್ಮ ಉಗುಳು ಸವರಿದ ಜಾಗ ನೆತ್ತಿಯ ಮೇಲೆ ತಣ್ಣಗೆ ಅನ್ನಿಸಿತು. ಅಮ್ಮನ ಜೊತೆ ಇಲ್ಲಿ ಕೂತ ಆ ದಿನ ಒಳಗೆ ಎಷ್ಟು ಹೊತ್ತಾಯಿತು? ಕಾಫಿಯ ವಾಸನೆ ಹೋಗಿ, ಬಿಸಿಲು ಹೋಗಿ, ಅಮ್ಮ ಎರಡು ಸಲ ಏಳೋಣವೆಂದು ಎದ್ದು ಮತ್ತೆ ಕೂತಿದ್ದಳು. ಒಳಗೆ ಯಾರೋ ಜೋರಾಗಿ ಜಗಳವಾಡುತ್ತಿದ್ದರು. ಅವನು ಹೆದರಿದ್ದ. ಆ ಜಗಳ ತನ್ನ ಪರವಾಗಿ ಇದ್ದಿರಬಹುದೆಂದು ಆಗಲೂ ಹೊಳೆದಿರಲಿಲ್ಲ, ಈವರೆಗೂ ಹೊಳೆದಿರಲಿಲ್ಲ. ಹೊಳೆದದ್ದರಿಂದ ಧೈರ್ಯವೇನೂ ಬರಲಿಲ್ಲ. ವಠಾರದ ಮನೆ, ಮುಂದಿನ ತಿಂಗಳು ಹೆಂಡತಿಯ ಹೆರಿಗೆ, ಭುಜದ ಮೇಲಿನ ಕೈ, ಎಲ್ಲ ಇದ್ದಲ್ಲೇ ಇದ್ದವು. ಲವಂಗವನ್ನು ಅಂಗಳಕ್ಕೆ ಉಗಿದು ಎದ್ದ.

ಅವರೆಲ್ಲ ನಕ್ಷೆಯ ಮೇಲೆ ಬಗ್ಗಿದ್ದರು. ಮೂಲೆಯಲ್ಲಿ ತಟ್ಟೆ, ತಟ್ಟೆಯಲ್ಲಿ ಅವನ ಎಲೆ. ತುದಿ ಆಗಲೇ ಕಪ್ಪಾಗುತ್ತಿತ್ತು.

"ಹಲ್ಲು ನೋವಿಲ್ಲ," ಅಂದ.

"ಹೋಯ್ತಾ?" ಅಧ್ಯಕ್ಷರ ಮುಖ ಅರಳಿತು. "ನೋಡಿದ್ಯಾ ನಮ್ಮಕ್ಕನ ಲವಂಗ! ತಗೋ ಹಂಗಾದ್ರೆ." ತಟ್ಟೆ ಎತ್ತಿ ಚಾಚಿದರು. ನಕ್ಷೆಯ ಮೂಲೆ ಸರ್ರನೆ ಸುರುಳಿ ಸುತ್ತಿಕೊಂಡಿತು.

"ಹೋಗಿದ್ದಲ್ಲ. ಇರಲೇ ಇಲ್ಲ."

ತಟ್ಟೆ ಅವರ ಕೈಯಲ್ಲೇ ನಿಂತಿತು. ಅವರ ಕಣ್ಣಿನಲ್ಲಿ ಸಿಟ್ಟು ಬರಲೆಂದು ಅವನು ಕಾದ. ಬಂದದ್ದು ನೋವು, ಸಾಕಿದ ಎತ್ತು ಹಾಯ್ದಾಗ ಬರುವಂಥದ್ದು. ಅದನ್ನು ನೋಡುವುದು ಸಿಟ್ಟಿಗಿಂತ ಕಷ್ಟವಾಗಿತ್ತು.

"ಏನಯ್ಯಾ ಇದು ಮಕ್ಕಳಾಟ?" ಅಂದ ಶ್ರೀರಾಮಪ್ಪ. "ಸಭೆ ಮುಗೀತು. ಬರ್ದೂ ಆಯ್ತು. ಎದ್ದೂ ಆಯ್ತು."

"ಎಲ್ಲಿ ಮುಗೀತು ಶ್ರೀರಾಮಣ್ಣ," ಚಾಪೆಯಿಂದ ಯಶೋದಮ್ಮನ ದನಿ ಬಂತು. ಬಾಯಿ ತುಂಬ ರಸವಿದ್ದುದರಿಂದ ಮಾತು ತೊದಲುತ್ತಿತ್ತು. "ತಟ್ಟೇಲಿ ಎಲೆ ಇದೆಯಲ್ಲ."

ವೆಂಕಟಸ್ವಾಮಿಯವರು ಕುಟ್ಟಾಣಿಯನ್ನು ಸದ್ದಾಗದಂತೆ ಕೆಳಗಿಟ್ಟರು.

"ನೀನೂ ತಗೊಂಡೆಯಲ್ಲ ಅಕ್ಕಾ," ಅಂದರು ಅಧ್ಯಕ್ಷರು.

"ತಗೊಂಡೆ. ಅಗಿದೂ ಬಿಟ್ಟೆ." ಅವರು ಮಂಡಿಗೆ ಕೈ ಊರಿ ಎದ್ದರು. ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. "ಇರಿ, ಉಗಿದು ಬರ್ತೀನಿ."

ಅಂಜನಮೂರ್ತಿ ತನ್ನ ಜಾಗದಲ್ಲಿ ಕೂತ. ಇನ್ನು ಮಾತಾಡಬೇಕಾಗುತ್ತದೆ. ಇಟ್ಟಿಗೆಯ ಮಾತು, ಓದಿನ ಮಾತು, ಎಲ್ಲ. ನಾಲಗೆ ಇನ್ನೂ ಅರ್ಧ ಮರಗಟ್ಟಿತ್ತು. ಕಿಟಕಿಯಿಂದ ಗೇಟು ಕಾಣುತ್ತಿರಲಿಲ್ಲ. ಮುನಿನಾರಾಯಣಪ್ಪನವರು ತಟ್ಟೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದರು. ಹಿತ್ತಿಲಿನ ತೊಟ್ಟಿಯ ಹತ್ತಿರ ಯಶೋದಮ್ಮ ಬಾಯಿ ಮುಕ್ಕಳಿಸುವ ಸದ್ದು ಕೇಳಿಸಿತು. ಒಂದು ಸಲ, ಮತ್ತೆ ಇನ್ನೊಂದು ಸಲ, ಕೆಂಪೆಲ್ಲ ಹೋಗುವವರೆಗೆ.